ಕೋವಿಗಾರ ಪಾಲ್ ಮೌಸರ್

ಸ್ವಾತಂತ್ರ್ಯ ಚಳುವಳಿಯ ಚರಿತ್ರೆಯನ್ನು ಓದಿದವರಿಗೆ ಮೌಸರ್ ಪಿಸ್ತೂಲು ಎಂಬ ಮಾತು ಹೊಸದಲ್ಲ. ಬಂಗಾಳದ ಕ್ರಾಂತಿಕಾರಿಗಳ ಸುದ್ದಿ ಬಂದಲ್ಲೆಲ್ಲ ಅದು ಬರುತ್ತದೆ, ಕಾಕೋರಿಯ ಕಥೆಯಲ್ಲೂ ಬರುತ್ತದೆ. ಆದರೆ ಅದು ಒಬ್ಬ ಮನುಷ್ಯನ ಹೆಸರು, ಆತ ಕಾರ್ಖಾನೆಯ ಕೂಲಿಕಾರನೊಬ್ಬನ ಮಗ ಎಂಬುದು ಹೆಚ್ಚಿನವರಿಗೆ ತಿಳಿದಿರಲಾರದು. ಮಕ್ಕಳಿಗೆ ಪಾಠ ಹೇಳುವ ನಾವು ಕೋವಿ ಮಾಡಿದವನ ಚರಿತ್ರೆಯನ್ನು ಬರೆಯುವುದೇಕೆ ಎಂದು ಯಾರಾದರೂ ಕೇಳಬಹುದು. ಕೋವಿಯನ್ನು ಹೊಗಳುವ ಆಸೆ ನಮಗಿಲ್ಲ. ಒಂದು ವಸ್ತುವನ್ನು ಮಾಡಿದವನು ಒಬ್ಬ, ಅದರ ಲಾಭ ಉಂಡವನು ಇನ್ನೊಬ್ಬ, ಅದನ್ನು ಕೈಯಲ್ಲಿ ಹಿಡಿದವನು ಮತ್ತೊಬ್ಬ. ಈ ಮೂವರ ನಡುವಿನ ದೂರ ಈತನ ಬಾಳಿನಲ್ಲಿ ಕಂಡಷ್ಟು ಸ್ಪಷ್ಟವಾಗಿ ನಮಗೆ ಬೇರೆಲ್ಲೂ ಕಂಡಿಲ್ಲ.

ಜರ್ಮನಿಯ ತೆಂಕಣ ಭಾಗದ ವ್ಯೂರ್ಟೆಂಬರ್ಗ್ ಸೀಮೆ ನಮ್ಮ ಕಡೆಯವರಿಗೆ ತೀರ ಅಪರಿಚಿತವೇನಲ್ಲ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದ ಹರ್ಮನ್ ಮೋಗ್ಲಿಂಗರು ಆ ಸೀಮೆಯವರು. ತಲಶ್ಶೇರಿಯಲ್ಲಿ ನೆಲೆಸಿ ಮಲಯಾಳ ಭಾಷೆಗೆ ನಿಘಂಟು ಮಾಡಿಕೊಟ್ಟ ಗುಂಡರ್ಟರೂ ಅಲ್ಲಿಯವರೇ. ಅದೇ ಸೀಮೆಯಲ್ಲಿ ನೆಕ್ಕಾರ್ ಹೊಳೆಯ ದಂಡೆಯ ಮೇಲೆ ಓಬರ್ನ್‌ಡಾರ್ಫ್ ಎಂಬ ಸಣ್ಣ ಪೇಟೆಯಿದೆ. ಅಲ್ಲಿ ಹಿಂದೆ ಅಗಸ್ಟಿನ್ ಪಂಥದ ಸನ್ಯಾಸಿಗಳ ಮಠವೊಂದಿತ್ತು. ನೆಪೋಲಿಯನ್ನನ ಕಾಲದಲ್ಲಿ ಮಠ ಮುಚ್ಚಿಹೋಯಿತು. ಆ ಕಟ್ಟಡದಲ್ಲೇ ವ್ಯೂರ್ಟೆಂಬರ್ಗಿನ ಅರಸರು ಕೋವಿಯ ಕಾರ್ಖಾನೆ ತೆರೆದರು. ಪ್ರಾರ್ಥನೆ ನಡೆಯುತ್ತಿದ್ದಲ್ಲಿ ಸುತ್ತಿಗೆಯ ಸದ್ದು ಕೇಳಿತು.

ಈ ಕಾರ್ಖಾನೆಯಲ್ಲಿ ಫ್ರಾನ್ಸ್ ಆಂಡ್ರಿಯಾಸ್ ಮೌಸರ್ ಎಂಬಾತ ಕೋವಿ ಮಾಡುವ ಕೆಲಸದಲ್ಲಿದ್ದ. ಮನೆ ತುಂಬ ಮಕ್ಕಳು. ಅವರಲ್ಲಿ ಕೊನೆಯವನಾಗಿ 1838ರ ಜೂನ್ 27ರಂದು ಪಾಲ್ ಹುಟ್ಟಿದ. ಶಾಲೆ ಮುಗಿಯುತ್ತಲೇ ಅವನೂ ತಂದೆಯ ಹಾದಿ ಹಿಡಿದ. ಅವನ ಅಣ್ಣ ವಿಲ್‌ಹೆಲ್ಮ್ ನಾಲ್ಕು ವರ್ಷ ಹಿರಿಯ. ಪಾಲನಿಗೆ ಕೈಕಸುಬು, ವಿಲ್‌ಹೆಲ್ಮನಿಗೆ ಮಾತು ಮತ್ತು ವ್ಯವಹಾರ. ಇಬ್ಬರೂ ಸೇರಿದರೆ ಒಬ್ಬ ಪೂರ್ಣ ಮನುಷ್ಯ ಎನ್ನುವಂತಿತ್ತು. 1859ರಲ್ಲಿ ಪಾಲ್ ಕಡ್ಡಾಯ ಸೈನ್ಯಸೇವೆಗೆ ಹೋಗಬೇಕಾಯಿತು. ಲುಡ್‌ವಿಗ್ಸ್‌ಬರ್ಗಿನ ಶಸ್ತ್ರಾಗಾರದಲ್ಲಿ ಆತ ನಾನಾ ಬಗೆಯ ಆಯುಧಗಳನ್ನು ಹತ್ತಿರದಿಂದ ನೋಡಿದ.

ಆ ಕಾಲದ ಕೋವಿಯ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ತೋಟಕ್ಕೆ ಹಂದಿ ಬಾರದಂತೆ ಲೈಸನ್ಸು ಪಡೆದು ಕೇಪಿನ ಕೋವಿ ಇರಿಸಿಕೊಂಡ ಮನೆಗಳನ್ನು ನಮ್ಮ ಹಳ್ಳಿಗಳಲ್ಲಿ ಓದುಗರು ಕಂಡಿರಬಹುದು. ಬಾಯಿಯಿಂದ ಮದ್ದು ಸುರಿದು, ಗುಂಡು ಇಳಿಸಿ, ಸರಳಿನಿಂದ ಜಡಿಯಬೇಕು. ಯುರೋಪಿನ ಹೆಚ್ಚಿನ ಸೈನ್ಯಗಳಲ್ಲೂ ಆಗ ಇದೇ ಕಥೆ. ಪ್ರಷ್ಯಾದವರ ಬಳಿ ಮಾತ್ರ ಡ್ರೈಸೆ ಎಂಬವನು ಮಾಡಿದ ಸೂಜಿ ಕೋವಿಯಿತ್ತು. ಇದಕ್ಕೆ ತೋಟೆಯನ್ನು ಹಿಂದಿನಿಂದ ತುಂಬುವುದು. ತುಂಬಿದ ಮೇಲೆ ಬಾಗಿಲಿಗೆ ಚಿಲಕ ಹಾಕಿದಂತೆ ಕಬ್ಬಿಣದ ಚಿಲಕವೊಂದನ್ನು ದೂಡಿ ತಿರುಗಿಸುವುದು. ಉದ್ದನೆಯ ಸೂಜಿ ಕಾಗದದ ತೋಟೆಯನ್ನು ತೂರಿ ಹೋಗಿ ಒಳಗಿನ ಕೇಪಿಗೆ ಚುಚ್ಚುತ್ತಿತ್ತು. ಆದರೆ ಉರಿಯುವ ಮದ್ದಿನ ನಡುವೆ ಸಿಕ್ಕಿದ ಸೂಜಿ ಬೇಗನೆ ಹಾಳಾಗಿ ಮುರಿಯುತ್ತಿತ್ತು. ಹಿಂದಿನ ಸಂದಿನಿಂದ ಬಿಸಿ ಹೊಗೆ ನುಗ್ಗಿ ಹೊಡೆಯುವವನ ಮುಖಕ್ಕೇ ಬರುತ್ತಿತ್ತು.

ಪಾಲ್ ಈ ಚಿಲಕವನ್ನೇ ಹಿಡಿದುಕೊಂಡ. ಅದನ್ನು ಎತ್ತಿ ತಿರುಗಿಸುವಾಗಲೇ ಒಳಗಿನ ಸ್ಪ್ರಿಂಗು ತಾನಾಗಿ ಬಿಗಿದುಕೊಳ್ಳುವಂತೆ ಮಾಡಿದ. ಮತ್ತೆ ಬೇರೆಯಾಗಿ ಎಳೆದು ಸಜ್ಜುಗೊಳಿಸುವ ಕೆಲಸ ಉಳಿಯಲಿಲ್ಲ. ಕಾಗದದ ತೋಟೆಯ ಬದಲು ಲೋಹದ ತೋಟೆಗೆ ಹೊಂದುವಂತೆ ಅದನ್ನು ಮುಂದುವರಿಸಿದ. ಕೇಳಲು ಸಣ್ಣ ಸಂಗತಿ. ಆದರೆ ಆಮೇಲಿನ ಎಂಬತ್ತು ವರ್ಷಗಳ ಯುದ್ಧಗಳಲ್ಲಿ ಕೋಟಿಗಟ್ಟಲೆ ಸಿಪಾಯಿಗಳ ಕೈ ತಿರುಗಿಸಿದ್ದು ಇದೇ ವಂಶದ ಚಿಲಕವನ್ನು.

ಸ್ವಂತ ಸೀಮೆಯ ಸರಕಾರ ಈ ಸಹೋದರರತ್ತ ಕಣ್ಣೆತ್ತಿ ನೋಡಲಿಲ್ಲ. ನೋಡಿದವನು ಅಮೆರಿಕದ ರೆಮಿಂಗ್ಟನ್ ಕಂಪನಿಯ ಪ್ರತಿನಿಧಿ ಸ್ಯಾಮ್ಯುಯೆಲ್ ನೋರಿಸ್. ಆತ 1867ರಲ್ಲಿ ಇವರೊಡನೆ ಕರಾರು ಮಾಡಿಕೊಂಡು ಇಬ್ಬರನ್ನೂ ಬೆಲ್ಜಿಯಮಿನ ಲಿಯೇಜ್ ನಗರಕ್ಕೆ ಕರೆದೊಯ್ದ. 1868ರಲ್ಲಿ ಅಮೆರಿಕದಲ್ಲಿ ಪಡೆದ ಪೇಟೆಂಟಿನಲ್ಲಿ ಮೌಸರ್ ಸಹೋದರರ ಜೊತೆಗೆ ನೋರಿಸನ ಹೆಸರೂ ಸೇರಿತು. ಅರ ಹಿಡಿದು ಉಜ್ಜಿದವರು ಇವರು, ಕಾಗದದಲ್ಲಿ ಪಾಲು ಅವನದು. ಆಮೇಲೆ ಅವನ ಉತ್ಸಾಹ ತಗ್ಗಿತು, ಹಣ ಬರುವುದೂ ನಿಂತಿತು. ಅಣ್ಣತಮ್ಮಂದಿರು ಒಬ್ಬರ ಹಿಂದೆ ಒಬ್ಬರು ಊರಿಗೆ ಮರಳಿದರು.

ಆದರೆ ಕೋವಿ ಪ್ರಷ್ಯಾದ ಪರೀಕ್ಷಕರ ಕೈಗೆ ಸಿಕ್ಕಿತ್ತು. 1871ರಲ್ಲಿ ಅದು ಹೊಸ ಜರ್ಮನ್ ಸಾಮ್ರಾಜ್ಯದ ಸೈನಿಕ ಕೋವಿಯಾಯಿತು. ಅದನ್ನು ಸರಕಾರದ ಕಾರ್ಖಾನೆಗಳು ತಯಾರಿಸಿದವು. ಕೋವಿಯನ್ನು ಕಂಡುಹಿಡಿದವರಿಗೆ ಮೊದಲು ಸಿಕ್ಕಿದ ಆರ್ಡರು ಗುರಿನೋಟದ ಬಿಡಿಭಾಗ ಮಾಡಿಕೊಡುವುದು. ಅದರಲ್ಲೇ ಸಣ್ಣ ಕಮ್ಮಟವೊಂದನ್ನು ಕಟ್ಟಿಕೊಂಡು 1874ರಲ್ಲಿ ಬ್ಯಾಂಕೊಂದರ ಪಾಲುದಾರಿಕೆಯಲ್ಲಿ ಅರಸರ ಕಾರ್ಖಾನೆಯನ್ನೇ ಕೊಂಡುಕೊಂಡರು. ತಂದೆ ಕೂಲಿ ಮಾಡಿದ ಜಾಗಕ್ಕೆ ಮಕ್ಕಳು ಒಡೆಯರಾದರು. ಅದೇ ವರ್ಷದ ಆಗಸ್ಟಿನಲ್ಲಿ ಬೆಂಕಿ ಬಿದ್ದು ಕಾರ್ಖಾನೆ ಸುಟ್ಟುಹೋಯಿತು, ಮತ್ತೆ ಕಟ್ಟಿದರು.

1882ರಲ್ಲಿ ವಿಲ್‌ಹೆಲ್ಮ್ ತೀರಿಕೊಂಡ. ವ್ಯವಹಾರದ ಕೈ ಇಲ್ಲದಂತಾಯಿತು. 1884ರಲ್ಲಿ ಸಂಸ್ಥೆ ಶೇರು ಕಂಪನಿಯಾಗಿ ಬದಲಾಯಿತು. 1887ರಲ್ಲಿ ತುರ್ಕಿಯ ಸುಲ್ತಾನನ ಸರಕಾರದಿಂದ ಐದು ಲಕ್ಷಕ್ಕೂ ಮಿಕ್ಕಿದ ಕೋವಿಗಳಿಗೆ ಆರ್ಡರು ಬಂತು. ಇದು ಸಂತೋಷದ ಸುದ್ದಿಯಾಗಬೇಕಿತ್ತು. ಅಷ್ಟು ದೊಡ್ಡ ಆರ್ಡರಿನ ಬೆನ್ನಿಗೇ, ಆ ವರ್ಷ ಮುಗಿಯುವುದರೊಳಗೆ ಬ್ಯಾಂಕು ತನ್ನ ಶೇರುಗಳನ್ನು ಬರ್ಲಿನಿನ ಲುಡ್‌ವಿಗ್ ಲೋವೆ ಕಂಪನಿಗೆ ಮಾರಿಬಿಟ್ಟಿತು. ಹೆಸರು ಮೌಸರನದು, ಸೊತ್ತು ಲೋವೆಯದು. ಪಾಲ್ ತನ್ನ ಹೆಸರಿನ ಕಾರ್ಖಾನೆಯಲ್ಲೇ ತಾಂತ್ರಿಕ ಮುಖ್ಯಸ್ಥನಾಗಿ ಕೆಲಸಕ್ಕೆ ನಿಂತ.

ಆತ ಮುನಿಸಿಕೊಂಡು ಮೂಲೆ ಸೇರಲಿಲ್ಲ ಎಂಬುದೇ ನಮಗೆ ಆಶ್ಚರ್ಯ. ಹೆಸರು ಬಂದ ಕೋವಿಗಳೆಲ್ಲ ಇದರ ನಂತರದವು. 1889ರಲ್ಲಿ ಬೆಲ್ಜಿಯಮಿಗೆ, 1893ರಲ್ಲಿ ಸ್ಪೇನಿಗೆ, ಕೊನೆಗೆ 1898ರಲ್ಲಿ ಜರ್ಮನಿಗೇ. ಸ್ಪೇನಿನೊಡನೆ 1898ರಲ್ಲಿ ಕ್ಯೂಬಾದಲ್ಲಿ ಹೋರಾಡಿದ ಅಮೆರಿಕನ್ನರು ಈ ಕೋವಿಯ ರುಚಿ ಕಂಡರು. 1903ರಲ್ಲಿ ತಾವು ಮಾಡಿದ ಕೋವಿಯಲ್ಲಿ ಅದರ ಭಾಗಗಳನ್ನು ಅನುಕರಿಸಿ, ಬಳಿಕ ಮೌಸರ್ ಕಂಪನಿಗೆ ಎರಡು ಲಕ್ಷ ಡಾಲರು ಗೌರವಧನ ತೆತ್ತರು. ಜಿಮ್ ಕಾರ್ಬೆಟ್ಟರ ಬೇಟೆಯ ಕಥೆ ಓದಿದವರು ರಿಗ್‌ಬಿ ಕಂಪನಿಯ ಕೋವಿಯ ಹೆಸರು ಕೇಳಿದ್ದಾರು. ಅದರ ಚಿಲಕವೂ ಮೌಸರನದೇ.

ಇನ್ನು ಪಿಸ್ತೂಲಿನ ವಿಷಯ. ಇದು ನಿಜವಾಗಿ ಪಾಲನ ಕೂಸಲ್ಲ. ಕಾರ್ಖಾನೆಯ ಪ್ರಯೋಗ ವಿಭಾಗದಲ್ಲಿ ಫಿಡೆಲ್, ಫ್ರೀಡ್ರಿಕ್, ಯೋಸೆಫ್ ಎಂಬ ಫೀಡರ್ಲೆ ಮನೆತನದ ಮೂವರು ಸಹೋದರರಿದ್ದರು. ಒಂದು ಗುಂಡು ಹಾರಿದ ರಭಸದಿಂದಲೇ ಮುಂದಿನ ತೋಟೆ ತಾನಾಗಿ ಏರಿ ಕೂರುವಂತಹ ಪಿಸ್ತೂಲನ್ನು ಅವರು ರೂಪಿಸಿದರು. 1895ರ ಮಾರ್ಚಿನಲ್ಲಿ ಮಾದರಿ ಸಿದ್ಧವಾಯಿತು. ಪೇಟೆಂಟು ಮಾತ್ರ ಪಾಲ್ ಮೌಸರನ ಹೆಸರಿನಲ್ಲಿ ಹೋಯಿತು. ಕಾರ್ಖಾನೆಗಳಲ್ಲಿ ಅಂದು ಇದು ರೂಢಿಯೇ ಇರಬಹುದು. ಆದರೂ ನೋರಿಸನ ಕೈಯಲ್ಲಿ ನೊಂದವನು ತನ್ನ ಕೆಲಸಗಾರರ ಹೆಸರನ್ನು ಕಾಗದದಲ್ಲಿ ಸೇರಿಸಿದ್ದರೆ ಚೆನ್ನಾಗಿತ್ತು ಎಂದು ನಮಗೆ ಅನಿಸುತ್ತದೆ.

ಈ ಪಿಸ್ತೂಲು ನೋಡಲು ವಿಚಿತ್ರ. ತೋಟೆಯ ಪೆಟ್ಟಿಗೆ ಟ್ರಿಗರಿನ ಮುಂದೆ. ಹಿಡಿ ಪೊರಕೆಯ ಹಿಡಿಯಂತೆ ಗುಂಡಗೆ. ಹತ್ತು ತೋಟೆಗಳನ್ನು ಒಂದು ಪಟ್ಟಿಗೆ ಸಿಕ್ಕಿಸಿ ಮೇಲಿನಿಂದ ಒತ್ತಿ ಇಳಿಸುವುದು. ಒಳಗಿನ ಭಾಗಗಳು ಬಡಗಿಯ ಕೀಲುಗಳಂತೆ ಒಂದರೊಳಗೊಂದು ಕೂತಿದ್ದವು. ಹಿಡಿಯ ಮರವನ್ನು ಬಿಗಿಯುವ ಸ್ಕ್ರೂ ಬಿಟ್ಟರೆ ಬೇರೆ ಸ್ಕ್ರೂ ಇಲ್ಲ. ಇರಿಸಲು ಮರದ ಪೆಟ್ಟಿಗೆ. ಅದನ್ನು ಹಿಡಿಯ ಹಿಂದೆ ಜೋಡಿಸಿದರೆ ಭುಜಕ್ಕೆ ಒತ್ತಿಕೊಂಡು ಬಂದೂಕಿನಂತೆಯೇ ಹೊಡೆಯಬಹುದು. ಚೀನದಲ್ಲಿ ಇದಕ್ಕೆ ಪೆಟ್ಟಿಗೆ ತೋಪು ಎಂಬರ್ಥದ ಹೆಸರೇ ಬಿತ್ತು. ಒಂದು ಕಿಲೋ ಮೀರಿದ ತೂಕ, ಹೊಡೆದಾಗ ಮೂತಿ ಮೇಲೆ ಹಾರುತ್ತದೆ, ಪಟ್ಟಿಯಿಲ್ಲದೆ ತುಂಬುವುದು ತ್ರಾಸ. ಜರ್ಮನ್ ಸೈನ್ಯ ಇದನ್ನು ಮುಖ್ಯ ಪಿಸ್ತೂಲಾಗಿ ಸ್ವೀಕರಿಸಲಿಲ್ಲ. 1908ರಲ್ಲಿ ಲ್ಯೂಗರನ ಪಿಸ್ತೂಲನ್ನು ಆರಿಸಿತು. ಆದರೂ ಸ್ವಂತ ಹಣ ಕೊಟ್ಟು ಇದನ್ನು ಕೊಂಡವರಿಗೆ ಲೆಕ್ಕವಿಲ್ಲ.

ಅಂತಹ ಒಬ್ಬ ಗಿರಾಕಿ ಬೆಂಗಳೂರಿನ ದಂಡಿನಲ್ಲಿದ್ದ ಇಂಗ್ಲಿಷ್ ತರುಣ ವಿನ್‌ಸ್ಟನ್ ಚರ್ಚಿಲ್. 1896ರಲ್ಲಿ ಮುಂಬಯಿಯಲ್ಲಿ ದೋಣಿಯಿಂದ ಮೆಟ್ಟಿಲಿಗೆ ಇಳಿಯುವಾಗ ಆತನ ಬಲಭುಜ ತಪ್ಪಿತ್ತು. ಮತ್ತೆ ಕತ್ತಿ ಬೀಸುವ ಧೈರ್ಯ ಅದಕ್ಕೆ ಬರಲಿಲ್ಲ. ಆದುದರಿಂದ ಸುಡಾನಿಗೆ ಹೋಗುವಾಗ ಮೌಸರ್ ಪಿಸ್ತೂಲನ್ನು ಕೊಂಡ. 1898ರ ಸೆಪ್ಟೆಂಬರ್ 2ರಂದು ಒಮ್ದುರ್ಮಾನಿನಲ್ಲಿ ಕುದುರೆ ದಂಡು ಶತ್ರುಗಳ ಗುಂಪಿನೊಳಗೆ ನುಗ್ಗಿದಾಗ ಕತ್ತಿಯನ್ನು ಒರೆಗೆ ಹಾಕಿ ಪಿಸ್ತೂಲು ಹಿಡಿದು ಬದುಕಿ ಬಂದ. ಮರುವರ್ಷ ದಕ್ಷಿಣ ಆಫ್ರಿಕದಲ್ಲಿ ಬೋಯರರು ಅವನಿದ್ದ ರೈಲನ್ನು ಕೆಡವಿದಾಗ ಅದೇ ಪಿಸ್ತೂಲನ್ನು ಇಂಜಿನ್ನಿನಲ್ಲೇ ಬಿಟ್ಟಿದ್ದ. ಸೊಂಟಕ್ಕೆ ಕೈ ಹಾಕಿದರೆ ಬರಿದು. ಕೈ ಎತ್ತಿ ಸೆರೆಯಾದ. ಬೋಯರರ ಸೈನ್ಯದ ಮುಖ್ಯ ಬಂದೂಕೂ ಓಬರ್ನ್‌ಡಾರ್ಫಿನ ಮೌಸರೇ ಆಗಿತ್ತು! ಅಂದು ಪಿಸ್ತೂಲು ಕೈಯಲ್ಲಿದ್ದಿದ್ದರೆ ಆತ ಗುಂಡು ತಿಂದು ಸಾಯುವ ಸಂಭವವೇ ಹೆಚ್ಚಿತ್ತು.

ಪಾಲನಿಗೆ ಮುಪ್ಪು ಬಂತು. ತಾನಾಗಿ ತುಂಬಿಕೊಳ್ಳುವ ಬಂದೂಕಿನ ಪ್ರಯೋಗದಲ್ಲಿ 1901ರಲ್ಲಿ ಸಿಡಿತವಾಗಿ ಆತ ಒಂದು ಕಣ್ಣನ್ನು ಕಳೆದುಕೊಂಡ. ಆದರೂ ಕೆಲಸ ಬಿಡಲಿಲ್ಲ. 1898ರಿಂದ 1903ರ ವರೆಗೆ ಜರ್ಮನ್ ಪಾರ್ಲಿಮೆಂಟಿನ ಸದಸ್ಯನೂ ಆಗಿದ್ದ. 1912ರಲ್ಲಿ ಅರಸರು ಕುಲೀನ ಪದವಿ ಕೊಟ್ಟು ಗೌರವಿಸಿದರು. 1914ರ ಮೇ 29ರಂದು ಹುಟ್ಟಿದ ಊರಲ್ಲೇ ತೀರಿಕೊಂಡ. ಒಂದು ತಿಂಗಳಲ್ಲಿ ಸರಾಯೆವೋದಲ್ಲಿ ಆಸ್ಟ್ರಿಯಾದ ಯುವರಾಜನ ಕೊಲೆಯಾಯಿತು, ಎರಡು ತಿಂಗಳು ಕಳೆಯುವಷ್ಟರಲ್ಲಿ ಮಹಾಯುದ್ಧ. ತನ್ನ ಕೋವಿಗಳು ಏನು ಮಾಡಬಲ್ಲವು ಎಂಬುದನ್ನು ಪೂರ್ತಿಯಾಗಿ ನೋಡುವ ದಿನ ಆತನಿಗೆ ಬರಲಿಲ್ಲ.

ಆ ಸಾವಿನ ಮೂರು ತಿಂಗಳ ಬಳಿಕ ಕಲ್ಕತ್ತೆಯಲ್ಲಿ ನಡೆದ ಸಂಗತಿ ನಮ್ಮ ದೇಶಕ್ಕೆ ಸೇರಿದ್ದು. ರೊಡ್ಡಾ ಕಂಪನಿ ಅಲ್ಲಿನ ಕೋವಿ ವ್ಯಾಪಾರಿಗಳು. 1914ರ ಆಗಸ್ಟ್ 26ರಂದು ಅವರ ಗುಮಾಸ್ತ ಶ್ರೀಶಚಂದ್ರ ಮಿತ್ರ ಬಂದರಿನ ಸುಂಕದ ಕಟ್ಟೆಯಿಂದ 202 ಪೆಟ್ಟಿಗೆಗಳನ್ನು ಬಿಡಿಸಿಕೊಂಡು ಎತ್ತಿನ ಗಾಡಿಗಳಲ್ಲಿ ಹೇರಿಸಿದ. ಗೋದಾಮು ಸೇರಿದ್ದು 192. ಕೊನೆಯ ಗಾಡಿಯ ಗಾಡಿಯಾಳು ವೇಷ ಹಾಕಿದ ಕ್ರಾಂತಿಕಾರಿ. ಗಾಡಿ ಬೇರೆ ಬೀದಿಗೆ ತಿರುಗಿತ್ತು. ಆ ಹತ್ತು ಪೆಟ್ಟಿಗೆಗಳಲ್ಲಿದ್ದುದು 50 ಮೌಸರ್ ಪಿಸ್ತೂಲು, 46,000 ತೋಟೆ. ಶ್ರೀಶಚಂದ್ರ ಮತ್ತೆ ಕೆಲಸಕ್ಕೆ ಬರಲಿಲ್ಲ. 1918ರ ರೌಲಟ್ ಸಮಿತಿಯ ವರದಿಯ ಪ್ರಕಾರ ಇವುಗಳಲ್ಲಿ 44 ಪಿಸ್ತೂಲುಗಳು ಕೂಡಲೇ ಒಂಬತ್ತು ಗುಂಪುಗಳಿಗೆ ಹಂಚಿಹೋದವು, 54 ಪ್ರಕರಣಗಳಲ್ಲಿ ಬಳಕೆಯಾದವು.

1915ರ ಸೆಪ್ಟೆಂಬರ್ 9ರಂದು ಒರಿಸ್ಸಾದ ಬಾಲಾಸೋರಿನ ಹತ್ತಿರ ಬಾಘಾ ಜತೀನರೂ ಅವರ ನಾಲ್ವರು ಸಂಗಡಿಗರೂ ಮೌಸರ್ ಪಿಸ್ತೂಲುಗಳನ್ನು ಹಿಡಿದು ಪೊಲೀಸರನ್ನು ಗಂಟೆಗೂ ಹೆಚ್ಚು ಹೊತ್ತು ತಡೆದು ನಿಂತರು. ಜರ್ಮನಿಯ ಸಹಾಯದಿಂದ ಹಡಗಿನಲ್ಲಿ ಬರಬೇಕಿದ್ದ ಕೋವಿಗಳಿಗಾಗಿ ಅವರು ಕಾದಿದ್ದರು. ಆ ಕೋವಿಗಳು ಬರಲೇ ಇಲ್ಲ. ಚಿತ್ತಪ್ರಿಯ ಅಲ್ಲಿಯೇ ಮಡಿದರು. ಜತೀನರು ಮರುದಿನ ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟರು. ಮನೋರಂಜನ, ನೀರೇಂದ್ರ ಇಬ್ಬರಿಗೂ ಗಲ್ಲಾಯಿತು.

ಹತ್ತು ವರ್ಷಗಳ ನಂತರ, 1925ರ ಆಗಸ್ಟ್ 9ರಂದು, ಲಕ್ನೋ ಸಮೀಪದ ಕಾಕೋರಿಯಲ್ಲಿ ರಾಮಪ್ರಸಾದ ಬಿಸ್ಮಿಲ್ಲರ ತಂಡ ಸರಕಾರಿ ಹಣವಿದ್ದ ರೈಲನ್ನು ತಡೆದಾಗಲೂ ಕೈಯಲ್ಲಿದ್ದುದು ಮೌಸರ್. ಪ್ರಯಾಣಿಕರನ್ನು ಮುಟ್ಟಬಾರದೆಂಬುದು ಅವರ ಕಟ್ಟುನಿಟ್ಟು. ಆದರೆ ಹೆಂಗಸರ ಡಬ್ಬಿಯಲ್ಲಿದ್ದ ಹೆಂಡತಿಯನ್ನು ನೋಡಲೆಂದು ಅಹಮದ್ ಅಲಿ ಎಂಬ ಪ್ರಯಾಣಿಕರು ಕತ್ತಲೆಯಲ್ಲಿ ಕೆಳಗಿಳಿದಿದ್ದರು. ತಂಡದ ಹುಡುಗ ಮನ್ಮಥನಾಥ ಗುಪ್ತರ ಕೈಯ ಮೌಸರ್ ಅರಿಯದೆ ಹಾರಿತು. ಅಹಮದ್ ಅಲಿ ಅಲ್ಲಿಯೇ ಬಿದ್ದರು. ಇದರಿಂದ ದರೋಡೆಯ ಮೊಕದ್ದಮೆ ಕೊಲೆಯ ಮೊಕದ್ದಮೆಯೂ ಆಯಿತು. ಬಿಸ್ಮಿಲ್, ಅಶ್ಫಾಕುಲ್ಲಾ, ರೋಶನ್ ಸಿಂಗ್, ರಾಜೇಂದ್ರ ಲಾಹಿರಿ ನಾಲ್ವರೂ 1927ರ ಡಿಸೆಂಬರಿನಲ್ಲಿ ಗಲ್ಲಿಗೇರಿದರು. ಗುಪ್ತರ ವಯಸ್ಸು ಚಿಕ್ಕದಾದುದರಿಂದ ಅವರಿಗೆ ಸಿಕ್ಕಿದ್ದು ಹದಿನಾಲ್ಕು ವರ್ಷಗಳ ಸಜೆ.

ರೊಡ್ಡಾ ಕಂಪನಿಯ ಐವತ್ತು ಪಿಸ್ತೂಲುಗಳಲ್ಲಿ ರೌಲಟ್ ವರದಿ ಬರೆಯುವ ಹೊತ್ತಿಗೆ ಪೊಲೀಸರಿಗೆ ಮರಳಿ ಸಿಕ್ಕಿದ್ದವು ಮೂವತ್ತೊಂದು.