ದಾನಚಿಂತಾಮಣಿ ಅತ್ತಿಮಬ್ಬೆ: ಕಾವ್ಯವನ್ನು ಉಳಿಸಿದ ಶ್ರಾವಿಕೆ

ಕನ್ನಡ ನಾಡಿನ ಜೈನ ಶ್ರಾವಿಕೆಯರಲ್ಲಿ ಅಗ್ರಗಣ್ಯಳಾದ ಅತ್ತಿಮಬ್ಬೆ 10ನೇ ಶತಮಾನದ ಉತ್ತರಾರ್ಧ ಮತ್ತು 11ನೇ ಶತಮಾನದ ಆರಂಭದಲ್ಲಿ ಬಾಳಿದವಳು. ಬಸದಿ ಕಟ್ಟಿಸಿದವರು, ಜಿನಬಿಂಬ ಮಾಡಿಸಿದವರು ನಮ್ಮ ಇತಿಹಾಸದಲ್ಲಿ ಹಲವರಿದ್ದಾರೆ. ಅತ್ತಿಮಬ್ಬೆ ಅವುಗಳ ಜೊತೆಗೆ ಶಾಸ್ತ್ರದಾನವನ್ನೂ ಅಷ್ಟೇ ದೊಡ್ಡ ಪ್ರಮಾಣದಲ್ಲಿ ನಡೆಸಿದಳು. ಆಕೆಯ ಹೆಸರು ಸಾವಿರ ವರ್ಷಗಳ ನಂತರವೂ ಉಳಿದಿರುವುದಕ್ಕೆ ಇದೇ ಮುಖ್ಯ ಕಾರಣ.

ವಂಶ ಮತ್ತು ವಿವಾಹ

ಅತ್ತಿಮಬ್ಬೆಯ ಹಿರಿಯರು ವೆಂಗಿ ನಾಡಿನವರು. ತಂದೆ ಮಲ್ಲಪ, ಚಿಕ್ಕಪ್ಪ ಪುನ್ನಮಯ್ಯ. ಈ ಸಹೋದರರು ತಮ್ಮ ಗುರುಗಳಾದ ಜಿನಚಂದ್ರದೇವರ ನೆನಪಿಗಾಗಿ ಪೊನ್ನ ಕವಿಯಿಂದ 16ನೇ ತೀರ್ಥಂಕರರ ಚರಿತೆಯಾದ ಶಾಂತಿಪುರಾಣವನ್ನು ಬರೆಯಿಸಿದರು. ಕಾವ್ಯಕ್ಕೆ ಆಶ್ರಯ ಕೊಡುವ ಸಂಸ್ಕಾರ ಆಕೆಗೆ ತವರಿನಿಂದಲೇ ಬಂದಿತ್ತು.

ಮಲ್ಲಪನ ಇಬ್ಬರು ಹೆಣ್ಣುಮಕ್ಕಳಾದ ಅತ್ತಿಮಬ್ಬೆ ಮತ್ತು ಗುಂಡಮಬ್ಬೆಯರನ್ನು ನಾಗದೇವನಿಗೆ ಕೊಟ್ಟು ಮದುವೆ ಮಾಡಲಾಯಿತು. ನಾಗದೇವನ ತಂದೆ ದಲ್ಲಪ, ಕಲ್ಯಾಣ ಚಾಲುಕ್ಯರ ಇಮ್ಮಡಿ ತೈಲಪನ ಮಂತ್ರಿ. ನಮ್ಮ ವಿಜಯಪುರ ಸೀಮೆಯ ತರ್ದವಾಡಿ ನಾಡನ್ನು ಆಳುತ್ತಿದ್ದ ತೈಲಪ 973ರಲ್ಲಿ ರಾಷ್ಟ್ರಕೂಟರನ್ನು ಸೋಲಿಸಿ ಚಕ್ರವರ್ತಿಯಾದವನು. ಹೊಸ ರಾಜ್ಯ ಬೇರೂರುತ್ತಿದ್ದ ಆ ದಿನಗಳಲ್ಲಿ ಯುದ್ಧಗಳಿಗೆ ಕೊನೆ ಇರಲಿಲ್ಲ.

ವೈಧವ್ಯ ಮತ್ತು ವ್ರತಜೀವನ

ನಾಗದೇವ ಯುದ್ಧದಲ್ಲಿ ಮಡಿದನು. ತಂಗಿ ಗುಂಡಮಬ್ಬೆ ಪತಿಯೊಡನೆ ಸಹಗಮನ ಮಾಡಿದಳು. ಅತ್ತಿಮಬ್ಬೆ ಬದುಕುವ ದಾರಿಯನ್ನು ಆರಿಸಿಕೊಂಡಳು. ಮಗ ಪಡೆವಳ ತೈಲನನ್ನು ಬೆಳೆಸುವ ಹೊಣೆ ಆಕೆಯ ಮೇಲಿತ್ತು. ಗಂಡನನ್ನೂ ತಂಗಿಯನ್ನೂ ಒಟ್ಟಿಗೇ ಕಳೆದುಕೊಂಡ ಆಕೆ ವ್ರತ, ಉಪವಾಸ, ಜಿನಪೂಜೆಗಳಲ್ಲಿ ಸರಳವಾಗಿ ಬಾಳಿ, ಸಂಪತ್ತನ್ನು ಧರ್ಮಕ್ಕೂ ವಿದ್ಯೆಗೂ ಮೀಸಲಿಟ್ಟಳು. ಮುಂದೆ ಮಗ ಅಧಿಕಾರದ ಸ್ಥಾನಕ್ಕೇರಿದಾಗಲೂ ಆಕೆಯ ಜೀವನಕ್ರಮ ಬದಲಾಗಲಿಲ್ಲ.

ಶಾಂತಿಪುರಾಣದ ಸಾವಿರ ಪ್ರತಿಗಳು

ತಾಳೆಗರಿಯ ಗ್ರಂಥಕ್ಕೆ ಆಯುಷ್ಯ ಕಡಿಮೆ. ಗೆದ್ದಲು, ತೇವ, ಬೆಂಕಿ ಯಾವುದರಿಂದಲೂ ಅದು ಹಾಳಾಗಬಹುದು. ಕಾಲಕಾಲಕ್ಕೆ ಪ್ರತಿ ಮಾಡಿಸದಿದ್ದರೆ ಒಳ್ಳೆಯ ಕಾವ್ಯವೂ ಕಣ್ಮರೆಯಾಗುತ್ತದೆ. ಅತ್ತಿಮಬ್ಬೆ ಇದನ್ನು ಅರಿತು, ತಂದೆ ಬರೆಯಿಸಿದ್ದ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಅಚ್ಚುಕೂಟವಿಲ್ಲದ ಕಾಲದಲ್ಲಿ ಪ್ರತಿಯೊಂದು ಗರಿಯನ್ನೂ ಲಿಪಿಕಾರ ಕಂಟದಿಂದ ಕೊರೆದು ಬರೆಯಬೇಕಿತ್ತು. ಗರಿ ಹದಮಾಡುವವರಿಂದ ಹಿಡಿದು ಬರೆಯುವವರವರೆಗೆ ಎಷ್ಟು ಜನರ ದುಡಿಮೆಗೆ ಆಕೆ ಆಸರೆಯಾಗಿರಬೇಕೆಂದು ಊಹಿಸಬಹುದು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಸಿಗುವುದು ಕಷ್ಟ. ಚಿನ್ನ ಮತ್ತು ರತ್ನದ 1500 ಜಿನಬಿಂಬಗಳನ್ನು ಮಾಡಿಸಿ ದಾನ ಮಾಡಿದಳೆಂದೂ ಪ್ರಸಿದ್ಧಿಯಿದೆ.

ರನ್ನನಿಗೆ ಆಶ್ರಯ

ಬಬಲೇಶ್ವರದಿಂದ ಕೃಷ್ಣೆಯ ಆಚೆಗಿರುವ ಮುಧೋಳ (ಅಂದಿನ ಮುದುವೊಳಲು) ಕವಿ ರನ್ನನ ಊರು. 1997ರವರೆಗೆ ಇದು ನಮ್ಮ ಜಿಲ್ಲೆಗೇ ಸೇರಿತ್ತು. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ವಿದ್ಯೆ ಅರಸಿ ಗಂಗನಾಡಿಗೆ ಹೋಗಿ, ಅಜಿತಸೇನಾಚಾರ್ಯರ ಶಿಷ್ಯನಾಗಿ, ಚಾವುಂಡರಾಯನ ಆಶ್ರಯ ಪಡೆದನು. ಬಳಿಕ ಚಾಲುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿ ಎನಿಸಿದನು. ಅತ್ತಿಮಬ್ಬೆಯ ಪ್ರೇರಣೆಯಿಂದ 993ರಲ್ಲಿ ಅವನು ಎರಡನೇ ತೀರ್ಥಂಕರರ ಚರಿತೆಯಾದ ಅಜಿತಪುರಾಣವನ್ನು ರಚಿಸಿದನು. ಆಕೆಯ ವಂಶ, ದುಃಖ, ದಾನಗಳ ವಿವರಗಳು ನಮಗೆ ಬಹುಪಾಲು ದೊರೆಯುವುದು ಆ ಕಾವ್ಯದಿಂದಲೇ. ಆಕೆ ಕಾವ್ಯವನ್ನು ಪೋಷಿಸಿದಳು, ಕಾವ್ಯ ಆಕೆಯ ಹೆಸರನ್ನು ಉಳಿಸಿತು. ರನ್ನ ತನ್ನ ಮಗನಿಗೆ ರಾಯ ಎಂದೂ ಮಗಳಿಗೆ ಅತ್ತಿಮಬ್ಬೆ ಎಂದೂ ಹೆಸರಿಟ್ಟು ಇಬ್ಬರು ಆಶ್ರಯದಾತರ ಋಣವನ್ನು ನೆನೆದನು.

ಲಕ್ಕುಂಡಿಯ ಬಸದಿ

ಈಗಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ ಇಂದಿಗೂ ನಿಂತಿದೆ. ಇರಿವಬೆಡಂಗ ಸತ್ಯಾಶ್ರಯನ ಕಾಲದ 1007ರ ಶಾಸನ ಆಕೆಯ ಧರ್ಮಕಾರ್ಯಗಳನ್ನು ದಾಖಲಿಸಿದೆ. ನವರಂಗದಲ್ಲಿರುವ ಚತುರ್ಮುಖ ಬ್ರಹ್ಮ ಮತ್ತು ಪದ್ಮಾವತಿಯ ಮೂರ್ತಿಗಳು ನೋಡುವಂತಹವು. ಜಿನಬಿಂಬವನ್ನು ಹಿಡಿದು ಹೊಳೆಗಿಳಿದಾಗ ಉಕ್ಕುತ್ತಿದ್ದ ಗೋದಾವರಿ ಶಾಂತವಾಯಿತೆಂಬಂತಹ ಅತಿಶಯದ ಕಥೆಗಳನ್ನೂ ಶ್ರಾವಕರು ಭಕ್ತಿಯಿಂದ ಹೇಳುತ್ತಾರೆ.

ಹೆಸರಿನ ಮುಂದುವರಿಕೆ

ಬೇಡಿದ್ದನ್ನು ಕೊಡುವ ರತ್ನವೆಂಬ ಅರ್ಥದ ದಾನಚಿಂತಾಮಣಿ ಎಂಬ ಬಿರುದು ಆಕೆಯ ಹೆಸರಿನೊಡನೆ ಬೆರೆತುಹೋಗಿದೆ. ಸಾಹಿತ್ಯ ಮತ್ತು ಕಲಾಕ್ಷೇತ್ರದಲ್ಲಿ ಸಾಧನೆ ಮಾಡಿದ ಮಹಿಳೆಯರನ್ನು ಗೌರವಿಸಲು ಕರ್ನಾಟಕ ಸರ್ಕಾರ ಆಕೆಯ ಹೆಸರಿನಲ್ಲೇ ಪ್ರಶಸ್ತಿ ನೀಡುತ್ತಿದೆ. ಅಂದು ಕವಿಗೆ ಆಸರೆಯಾದ ಹೆಣ್ಣುಮಗಳ ಹೆಸರು ಇಂದು ಬರೆಯುವ, ಹಾಡುವ ಹೆಣ್ಣುಮಕ್ಕಳಿಗೆ ಗೌರವವಾಗಿ ಸಲ್ಲುತ್ತಿದೆ.

ನಮ್ಮ ಬಸದಿಗಳಲ್ಲಿ, ಹಳೆಯ ಮನೆಗಳ ಅಟ್ಟಗಳಲ್ಲಿ ತಾಳೆಗರಿ ಕಟ್ಟುಗಳು, ಹಳೆಯ ಪುಸ್ತಕಗಳು ಇನ್ನೂ ಇರಬಹುದು. ಅವನ್ನು ಒರೆಸಿ, ಓದಿಸಿ, ಪ್ರತಿ ಮಾಡಿಸಿ ಕಾಪಾಡುವುದೇ ಅತ್ತಿಮಬ್ಬೆಗೆ ನಾವು ಸಲ್ಲಿಸಬಹುದಾದ ನಿಜವಾದ ಗೌರವ.