ಅರ್ಧ ಕಟ್ಟಿದ ಗೂಡು

ನಮ್ಮೂರ ಕೆರೆ ಏರಿಯ ಪಕ್ಕ ಜಾಲಿಮರಗಳ ಸಾಲಿದೆ. ಮಳೆಗಾಲ ಮುಗಿದ ಮೇಲೆ ಅಲ್ಲಿ ಗೀಜಗನ ಗೂಡುಗಳು ಖಾಲಿಯಾಗಿ ತೂಗುತ್ತಿರುತ್ತವೆ. ಕಳೆದ ನವೆಂಬರ್‌ನ ಒಂದು ಭಾನುವಾರ ನಮ್ಮ ಬೀದಿಯ ಆರು ಮಕ್ಕಳನ್ನು ಕರೆದುಕೊಂಡು ಹಕ್ಕಿ ನೋಡಲು ಹೋಗಿದ್ದೆ. ಬಿ.ಕಾಂ. ಮುಗಿಸಿ ಎರಡು ವರ್ಷ ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕದ ಮುಂದೆ ಕೂತು ಕೂತು ಬೇಸತ್ತಿದ್ದ ನನಗೆ ಮನೆಯಿಂದ ಹೊರಬೀಳಲು ಅದೊಂದು ನೆಪ. ಆರನೇ ಕ್ಲಾಸಿನ ಹುಡುಗನೊಬ್ಬ ಹೆಲ್ಮೆಟ್‌ನಂತೆ ಬಾಯಿ ತೆರೆದುಕೊಂಡು ನೇತಾಡುತ್ತಿದ್ದ ಗೂಡೊಂದನ್ನು ತೋರಿಸಿ, ಇದನ್ನು ಯಾಕೆ ಅರ್ಧಕ್ಕೇ ಬಿಟ್ಟಿದೆ ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಮಳೆಗೆ ಬಿದ್ದುಹೋಗಿರಬೇಕು ಎಂದು ಏನೋ ಹೇಳಿ ಜಾರಿಕೊಂಡೆ.

ರಾತ್ರಿ ಉತ್ತರ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಸಲೀಂ ಅಲಿ. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಒಂದೇ ಸಾಲಿನ ಉತ್ತರವಾಗಿ ನಾವೆಲ್ಲ ಬಾಯಿಪಾಠ ಮಾಡಿರುವ ಹೆಸರು. ಆ ಸಾಲಿನ ಹಿಂದೆ ಕೆಲಸವಿಲ್ಲದೆ ಊರು ಸೇರಿದ್ದ ಮನುಷ್ಯನೊಬ್ಬನಿದ್ದ ಎಂಬುದನ್ನು ಯಾವ ಗೈಡೂ ನನಗೆ ಹೇಳಿರಲಿಲ್ಲ.

1896ರ ನವೆಂಬರ್ 12ರಂದು ಮುಂಬೈಯಲ್ಲಿ ಹುಟ್ಟಿದ ಸಲೀಂ, ಮನೆಯ ಕೊನೆಯ ಮಗು. ವರ್ಷ ತುಂಬುವಷ್ಟರಲ್ಲಿ ಅಪ್ಪ, ಮೂರು ವರ್ಷಕ್ಕೆ ಅಮ್ಮ ತೀರಿಕೊಂಡರು. ಸಾಕಿದ್ದು ಖೇತ್‌ವಾಡಿಯಲ್ಲಿದ್ದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ. ಮಾವ ಬೇಟೆಗಾರರು. ಹುಡುಗನ ಕೈಗೂ ಒಂದು ಏರ್‌ಗನ್ ಬಂತು. ಗುಬ್ಬಚ್ಚಿ ಹೊಡೆಯುವುದೇ ಆಟ. ಹಕ್ಕಿಪ್ರೇಮಿಯ ಕಥೆ ಹಕ್ಕಿ ಕೊಲ್ಲುವುದರಿಂದ ಶುರುವಾಗುತ್ತದೆ ಎಂದಾಗ ನಮ್ಮ ಬೀದಿಯ ಮಕ್ಕಳಿಗೆ ಕಸಿವಿಸಿಯಾಯಿತು. ಆದರೆ ಇದ್ದದ್ದು ಹಾಗೆಯೇ.

ಹತ್ತು ಹನ್ನೊಂದರ ಆ ವಯಸ್ಸಿನಲ್ಲಿ ಒಂದು ದಿನ ಹೊಡೆದುರುಳಿಸಿದ ಗುಬ್ಬಚ್ಚಿಯ ಕತ್ತಿನಲ್ಲಿ ಹಳದಿ ಮಚ್ಚೆ ಇತ್ತು. ಇದು ಯಾವ ಹಕ್ಕಿ ಎಂದು ಮಾವನನ್ನು ಕೇಳಿದ. ಮಾವನಿಗೂ ತಿಳಿಯಲಿಲ್ಲ. ಅವರು ನನ್ನಂತೆ ಜಾರಿಕೊಳ್ಳಲಿಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಡಬ್ಲ್ಯು. ಎಸ್. ಮಿಲ್ಲಾರ್ಡ್ ಅವರಿಗೆ ಪರಿಚಯದ ಪತ್ರ ಕೊಟ್ಟು, ಸತ್ತ ಹಕ್ಕಿಯ ಸಮೇತ ಹುಡುಗನನ್ನು ಕಳಿಸಿಕೊಟ್ಟರು. ಅದು 1908ರ ಹೊತ್ತು. ಬ್ರಿಟಿಷ್ ಕಾರ್ಯದರ್ಶಿಯ ಕೋಣೆಯ ಬಾಗಿಲಲ್ಲಿ, ಕೈಯಲ್ಲಿ ಗುಬ್ಬಚ್ಚಿ ಹಿಡಿದು ನಿಂತ ಭಾರತೀಯ ಹುಡುಗ. ಗದರಿಸಿ ಕಳಿಸಿದ್ದರೂ ಯಾರೂ ಕೇಳುತ್ತಿರಲಿಲ್ಲ. ಮಿಲ್ಲಾರ್ಡ್ ಅದು ಹಳದಿ ಕತ್ತಿನ ಗುಬ್ಬಚ್ಚಿ ಎಂದು ಗುರುತಿಸಿದ್ದಲ್ಲದೆ, ಒಳಗೆ ತುಂಬಿಟ್ಟಿದ್ದ ಹಕ್ಕಿಗಳ ಸಂಗ್ರಹವನ್ನೆಲ್ಲ ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಮುಂದೆ ಹಕ್ಕಿಯ ಚರ್ಮ ಬಿಡಿಸಿ ಕೆಡದಂತೆ ಇಡುವ ವಿದ್ಯೆಯನ್ನೂ ಕಲಿಸಲು ಏರ್ಪಾಟು ಮಾಡಿದರು. ಇದನ್ನು ಓದುವಾಗ ನನ್ನ ಕಿವಿ ಬಿಸಿಯಾಯಿತು.

ಓದಿನಲ್ಲಿ ಸಲೀಂ ಚುರುಕೇನಲ್ಲ. ವಿಪರೀತ ತಲೆನೋವಿನ ಕಾಟ ಬೇರೆ. ಗಾಳಿ ಬದಲಾಗಲಿ ಎಂದು ಸಿಂಧ್‌ನ ಬಂಧುಗಳ ಮನೆಗೂ ಕಳಿಸಿದ್ದರು. 1913ರಲ್ಲಿ ಮೆಟ್ರಿಕ್ ಹೇಗೋ ಪಾಸಾಯಿತು. ಕಾಲೇಜು ಸೇರಿದರೂ ನಿಲ್ಲಲಿಲ್ಲ. ಬರ್ಮಾದ ಟವಾಯ್‌ನಲ್ಲಿ ಮನೆಯವರ ಗಣಿ ಮತ್ತು ಮರದ ವ್ಯವಹಾರ ನೋಡಿಕೊಳ್ಳಲು ಹೋದರು. ಸುತ್ತ ದಟ್ಟ ಕಾಡು, ಅದರ ತುಂಬ ಹಕ್ಕಿ. ವ್ಯವಹಾರ ಏನಾಗಿರಬೇಕು ಎಂದು ನೀವೇ ಊಹಿಸಿ. 1917ರಲ್ಲಿ ಮುಂಬೈಗೆ ಮರಳಿ ವಾಣಿಜ್ಯ ಕಾನೂನು ಮತ್ತು ಲೆಕ್ಕಶಾಸ್ತ್ರಕ್ಕೆ ಸೇರಿದರು (ಬಿ.ಕಾಂ. ಓದಿದ ನನಗೆ ಇಲ್ಲಿ ಸ್ವಲ್ಪ ಖುಷಿಯಾಯಿತು). ಅದರ ಜೊತೆಗೇ ಸೇಂಟ್ ಝೇವಿಯರ್ಸ್ ಕಾಲೇಜಿನ ಫಾದರ್ ಬ್ಲಾಟರ್ ಅವರ ಪ್ರೋತ್ಸಾಹದಿಂದ ಪ್ರಾಣಿಶಾಸ್ತ್ರವನ್ನೂ ಓದಿದರು. 1918ರಲ್ಲಿ ತೆಹಮಿನಾ ಅವರೊಂದಿಗೆ ಮದುವೆಯಾಯಿತು.

ಇಷ್ಟರ ಮೇಲೂ ಕೈಯಲ್ಲಿ ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯಲ್ಲಿ ಪಕ್ಷಿತಜ್ಞರ ಹುದ್ದೆ ಖಾಲಿಯಿದ್ದಾಗ ಅದೇ ಕಾರಣಕ್ಕೆ ಕೈತಪ್ಪಿತು. 1926ರಲ್ಲಿ ಮುಂಬೈಯ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂನಲ್ಲಿ ಬಂದವರಿಗೆ ವಿವರಿಸುವ ಗೈಡ್ ಲೆಕ್ಚರರ್ ಕೆಲಸ ಸಿಕ್ಕಿತು. ತಿಂಗಳಿಗೆ 350 ರೂಪಾಯಿ. ಆ ಕಾಲಕ್ಕೆ ಒಳ್ಳೆಯ ಸಂಬಳವೇ. ಎರಡು ವರ್ಷಕ್ಕೆ ಅದೂ ಬೇಸರವಾಗಿ, 1928ರಲ್ಲಿ ರಜೆ ಹಾಕಿ ಬರ್ಲಿನ್‌ಗೆ ಹೋದರು. ಅಲ್ಲಿ ಎರ್ವಿನ್ ಸ್ಟ್ರೆಸೆಮನ್ ಎಂಬ ದೊಡ್ಡ ಪಕ್ಷಿವಿಜ್ಞಾನಿಯ ಬಳಿ ಕಲಿತರು. 1930ರಲ್ಲಿ ಹೊಸ ವಿದ್ಯೆಯೊಂದಿಗೆ ವಾಪಸು ಬಂದರೆ ಹಣವಿಲ್ಲವೆಂದು ಆ ಹುದ್ದೆಯನ್ನೇ ರದ್ದು ಮಾಡಿದ್ದರು. ವಯಸ್ಸು 33 ದಾಟಿದೆ, ಮದುವೆಯಾಗಿದೆ, ವಿದೇಶದ ತರಬೇತಿ ಇದೆ, ಕೆಲಸ ಇಲ್ಲ.

ಮುಂಬೈ ಸಮೀಪದ ಕಡಲತೀರದ ಹಳ್ಳಿ ಕಿಹೀಮ್‌ಗೆ ಹೋಗಿ ಉಳಿದರು. ಮನೆಯ ಹತ್ತಿರದ ಮರದಲ್ಲಿ ಗೀಜಗಗಳ ಒಂದು ಕಾಲೊನಿ. ಬೇರೆ ಕೆಲಸವಿಲ್ಲದವರು ಮಳೆಗಾಲ ಪೂರ್ತಿ ಅದನ್ನೇ ನೋಡಿದರು. ಸುಮ್ಮನೆ ನೋಡಿದ್ದಲ್ಲ, ಯಾವ ಗಂಡು ಯಾವ ಗೂಡಿನದು, ಯಾವ ಹೆಣ್ಣು ಯಾವಾಗ ಬಂತು, ಯಾವುದನ್ನು ಒಪ್ಪಿತು ಎಂದು ದಿನವೂ ಬರೆದಿಟ್ಟರು.

ಅವರಿಗೆ ಕಂಡದ್ದು ಇದು. ಗೂಡು ಕಟ್ಟುವುದು ಗಂಡು. ಹುಲ್ಲನ್ನು, ಗರಿಯನ್ನು ಉದ್ದಕ್ಕೆ ಸೀಳಿ ತಂದು ಹೆಣೆದು, ಹೆಲ್ಮೆಟ್ ಆಕಾರ ಬರುವಷ್ಟಕ್ಕೆ ನಿಲ್ಲಿಸುತ್ತದೆ. ಆಗ ಹೆಣ್ಣುಗಳು ಬಂದು ಒಳಗೆ ಹೊಕ್ಕು ಪರೀಕ್ಷಿಸುತ್ತವೆ. ಹೆಣ್ಣೊಂದು ಒಪ್ಪಿದರೆ ಮಾತ್ರ ಗಂಡು ಮೊಟ್ಟೆಯ ಕೋಣೆಯನ್ನೂ ಉದ್ದನೆಯ ಕೊಳವೆಯನ್ನೂ ಕಟ್ಟಿ ಮುಗಿಸುತ್ತದೆ. ಒಪ್ಪಿದ ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕೂತರೆ, ಗಂಡು ಅಲ್ಲೇ ಪಕ್ಕದಲ್ಲಿ ಇನ್ನೊಂದು ಗೂಡು ಶುರುಮಾಡಿ ಇನ್ನೊಂದು ಹೆಣ್ಣಿಗೆ ಕಾಯುತ್ತದೆ. ಯಾರೂ ಒಪ್ಪದ ಗೂಡು ಅರ್ಧಕ್ಕೇ ಉಳಿಯುತ್ತದೆ. ನಮ್ಮ ಕೆರೆಯ ಜಾಲಿಮರದಲ್ಲಿ ತೂಗುತ್ತಿದ್ದದ್ದು ಅದು. ಗೀಜಗ ಇಂಟರ್‌ವ್ಯೂನಲ್ಲಿ ಫೇಲಾಗಿತ್ತು!

ಕಿಹೀಮ್‌ನ ಈ ಅಧ್ಯಯನ ಪ್ರಕಟವಾದ ಮೇಲೆ ಸಲೀಂ ಅಲಿಗೆ ಹೆಸರು ಬಂತು, ಕೆಲಸ ಬರಲಿಲ್ಲ. ಆಗ ಅವರು ತಾವೇ ಒಂದು ಕೆಲಸ ಹುಟ್ಟಿಸಿಕೊಂಡರು. ಸಂಸ್ಥಾನಗಳ ಹಕ್ಕಿಗಳನ್ನು ಕ್ರಮವಾಗಿ ಯಾರೂ ಸರ್ವೆ ಮಾಡಿರಲಿಲ್ಲ. ಕ್ಯಾಂಪಿನ ಖರ್ಚು ಕೊಟ್ಟರೆ ಸಾಕು, ಸಂಬಳ ಬೇಡ ಎಂದು ಮುಂದೆ ಬಂದರು. ಹೈದರಾಬಾದ್, ಕೊಚ್ಚಿ, ತಿರುವಾಂಕೂರು ಹೀಗೆ ಒಂದಾದ ಮೇಲೊಂದು ಸರ್ವೆ. ಬಹಳಷ್ಟು ಸಲ ತೆಹಮಿನಾ ಜೊತೆಗಿದ್ದು ಡೇರೆಯ ಬದುಕನ್ನೇ ಸಂಸಾರ ಮಾಡಿಕೊಂಡರು. ಒಂದು ಮಾತು ಹೇಳಲೇಬೇಕು. ಸಲೀಂ ಅಲಿ ಬಡವರ ಮನೆಯವರಲ್ಲ. ಬೀಳುವಾಗ ಹಿಡಿಯಲು ದೊಡ್ಡ ಕುಟುಂಬವಿತ್ತು, ಖರ್ಚು ಕಡಿಮೆ ಮಾಡಿಕೊಂಡು ಜೊತೆ ನಡೆದ ಹೆಂಡತಿಯಿದ್ದರು. ಸಂಬಳ ಬೇಡ ಎನ್ನಲು ನಮ್ಮಲ್ಲಿ ಎಷ್ಟು ಜನರಿಗೆ ಸಾಧ್ಯ? ಇದನ್ನು ಬಿಟ್ಟು ಅವರ ಕಥೆ ಹೇಳಿದರೆ, ಕೋಚಿಂಗ್ ಫೀಸ್‌ಗೆ ಸಾಲ ಮಾಡಿದ ಗೆಳೆಯರಿಗೆ ಅನ್ಯಾಯವಾಗುತ್ತದೆ.

1939ರಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯೊಂದರ ನಂತರ ತೆಹಮಿನಾ ತೀರಿಕೊಂಡರು. ಸಲೀಂ ಅಲಿ ಮತ್ತೆ ಮದುವೆಯಾಗಲಿಲ್ಲ. ನಮ್ಮ ಮೈಸೂರು ಸಂಸ್ಥಾನದ ಹಕ್ಕಿಗಳ ಸರ್ವೆ ನಡೆದದ್ದು ಆ ದುಃಖದ ದಿನಗಳಲ್ಲಿ, 1939-40ರಲ್ಲಿ. ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟುತ್ತಿದ್ದ ನೀರುಹಕ್ಕಿಗಳನ್ನು ಕಂಡು, ಅದನ್ನು ರಕ್ಷಿಸಬೇಕೆಂದು ಮೈಸೂರು ಅರಸರಿಗೆ ಸಲಹೆ ಕೊಟ್ಟರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಶಾಲಾ ಪ್ರವಾಸದಲ್ಲಿ ದೋಣಿಯೇರಿ ಮೊಸಳೆ ನೋಡಿ ಕಿರುಚಿದ ನಮಗೆ ಅಂದು ಈ ಹೆಸರನ್ನು ಯಾರೂ ಹೇಳಲಿಲ್ಲ.

ಮುಂದಿನದು ಎಲ್ಲರಿಗೂ ಗೊತ್ತಿರುವ ಭಾಗ. 1941ರಲ್ಲಿ ಭಾರತದ ಹಕ್ಕಿಗಳ ಕುರಿತ ಪ್ರಸಿದ್ಧ ಪುಸ್ತಕ, ಆಮೇಲೆ ಅಮೆರಿಕದ ಡಿಲ್ಲನ್ ರಿಪ್ಲೆ ಜೊತೆ ಸೇರಿ ಹತ್ತು ಸಂಪುಟಗಳ ಕೈಪಿಡಿ, ಪದ್ಮಭೂಷಣ, ಪದ್ಮವಿಭೂಷಣ, ರಾಜ್ಯಸಭೆ. ಪದವಿಯಿಲ್ಲದ ಅವರಿಗೆ ವಿಶ್ವವಿದ್ಯಾಲಯಗಳೇ ಗೌರವ ಡಾಕ್ಟರೇಟ್ ಕೊಟ್ಟವು. ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಅವರ ಬೈಕ್ ಹುಚ್ಚು. 1950ರಲ್ಲಿ ಸ್ವೀಡನ್‌ನಲ್ಲಿ ನಡೆದ ಪಕ್ಷಿವಿಜ್ಞಾನಿಗಳ ಸಮ್ಮೇಳನಕ್ಕೆ, ಐವತ್ತು ದಾಟಿದ ವಯಸ್ಸಿನಲ್ಲಿ, ಯುರೋಪಿನ ರಸ್ತೆಗಳಲ್ಲಿ ತಮ್ಮ ಸನ್‌ಬೀಮ್ ಮೋಟರ್‌ಸೈಕಲ್ ಓಡಿಸಿಕೊಂಡು ಹೋದರು. ತೊಂಬತ್ತು ವರ್ಷ ಬಾಳಿ, 1987ರ ಜೂನ್ 20ರಂದು ಮುಂಬೈಯಲ್ಲೇ ತೀರಿಕೊಂಡರು.

ಮುಂದಿನ ಭಾನುವಾರ ಆ ಹುಡುಗನನ್ನು ಮರದ ಕೆಳಗೇ ನಿಲ್ಲಿಸಿ, ಮೊದಲು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡು, ಸರಿಯಾದ ಉತ್ತರ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಈ ಮರದಲ್ಲಿ ಒಪ್ಪಿದ್ದೆಷ್ಟು ಒಪ್ಪದ್ದೆಷ್ಟು ಎಂದು ಎಣಿಸತೊಡಗಿದ. ಕೊಳವೆ ಇದ್ದದ್ದು ಹದಿನಾಲ್ಕು, ಅರ್ಧಕ್ಕೆ ನಿಂತದ್ದು ಒಂಬತ್ತು. ದಿನಾಂಕ, ಹೊತ್ತು ಸಮೇತ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡ. ಮರುವಾರ ನನಗೆ ಪರೀಕ್ಷೆಯಿದೆ, ಕೆರೆಗೆ ಬರಲಾಗುವುದಿಲ್ಲ ಎಂದೆ. ಪರವಾಗಿಲ್ಲಣ್ಣ, ಬೈನಾಕ್ಯುಲರ್ ಒಂದು ಕೊಟ್ಟು ಹೋಗು ಎಂದರು ಮಕ್ಕಳು.