ವಿಜ್ಞಾನತಪಸ್ವಿನಿ ರೋಸಲಿಂಡ್ ಫ್ರಾಂಕ್ಲಿನ್



ಕಳೆದ ವರ್ಷ ವಿಜ್ಞಾನದ ಪಾಠದ ವೇಳೆಯಲ್ಲಿ ನಿಮ್ಮಲ್ಲೊಬ್ಬ ವಿದ್ಯಾರ್ಥಿನಿಯು, ಡಿ.ಎನ್.ಎ.ಯ ರೂಪವನ್ನು ಕಂಡುಹಿಡಿದವರು ಯಾರೆಂದು ನಮ್ಮನ್ನು ಕೇಳಿದ್ದಳು. ವಾಟ್ಸನ್ ಮತ್ತು ಕ್ರಿಕ್ ಎಂದು ನಾವು ಥಟ್ಟನೆ ಉತ್ತರವಿತ್ತೆವು. ಮೆಟ್ರಿಕ್ ಓದುತ್ತಿದ್ದಾಗ ನಾವು ಕಂಠಪಾಠ ಮಾಡಿದ್ದ ಉತ್ತರವದು. ತರುವಾಯ ಈ ವಿಷಯವಾಗಿ ಇನ್ನಷ್ಟು ಓದಿದಾಗ, ನಾವು ಕೊಟ್ಟದ್ದು ತಪ್ಪು ಉತ್ತರವಲ್ಲದಿದ್ದರೂ ಅರ್ಧ ಉತ್ತರವೆಂದು ತಿಳಿದುಬಂದಿತು. ಆ ಬಾಲಿಕೆಗೆ ನಾವು ಸಲ್ಲಿಸಬೇಕಾದ ಉಳಿದರ್ಧವೇ ಈ ಲೇಖನ.

ರೋಸಲಿಂಡ್ ಫ್ರಾಂಕ್ಲಿನ್ ಅವರು 1920ನೆಯ ಇಸವಿ ಜುಲೈ 25ರಂದು ಲಂಡನ್ ನಗರದ ಅನುಕೂಲಸ್ಥ ಯಹೂದಿ ಮನೆತನವೊಂದರಲ್ಲಿ ಜನಿಸಿದರು. ತಂದೆ ಎಲ್ಲಿಸ್ ಫ್ರಾಂಕ್ಲಿನ್ ಅವರು ಬ್ಯಾಂಕಿನ ವ್ಯವಹಾರದಲ್ಲಿದ್ದವರು. ಐವರು ಮಕ್ಕಳಲ್ಲಿ ರೋಸಲಿಂಡರು ಎರಡನೆಯವರು. ಹೆಣ್ಣುಮಕ್ಕಳಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರಗಳನ್ನು ಕಲಿಸುವ ಶಾಲೆಗಳು ಆ ಕಾಲದ ಲಂಡನ್ನಿನಲ್ಲಿಯೂ ವಿರಳವಾಗಿದ್ದವು. ಅಂಥ ಸೇಂಟ್ ಪಾಲ್ ಬಾಲಿಕಾ ಶಾಲೆಯಲ್ಲಿ ಓದುವ ಭಾಗ್ಯವು ಅವರಿಗೆ ದೊರೆಯಿತು. 1938ರಲ್ಲಿ ಕೇಂಬ್ರಿಜ್ಜಿನ ನ್ಯೂನ್‌ಹ್ಯಾಮ್ ಕಾಲೇಜನ್ನು ಸೇರಿ 1941ರಲ್ಲಿ ವ್ಯಾಸಂಗವನ್ನು ಮುಗಿಸಿದರು. ಆದರೆ ಪುರುಷರಿಗೆ ಸಲ್ಲುವ ಪೂರ್ಣ ಪದವಿಯನ್ನು ಸ್ತ್ರೀಯರಿಗೆ ನೀಡಲು ಆ ವಿಶ್ವವಿದ್ಯಾಲಯವು 1948ರವರೆಗೆ ಒಪ್ಪಲಿಲ್ಲ.

ಆಗ ಎರಡನೆಯ ಮಹಾಯುದ್ಧವು ನಡೆಯುತ್ತಿತ್ತು. 1942ರಿಂದ ರೋಸಲಿಂಡರು ಕಲ್ಲಿದ್ದಲಿನ ಸಂಶೋಧನೆಯಲ್ಲಿ ತೊಡಗಿದರು. ಕಲ್ಲಿದ್ದಲಿನೊಳಗೆ ಅತಿ ಸೂಕ್ಷ್ಮವಾದ ರಂಧ್ರಗಳಿವೆಯೆಂದೂ, ಅವುಗಳ ಗಾತ್ರಕ್ಕನುಸಾರವಾಗಿ ಕೆಲವು ಅನಿಲಗಳು ಒಳಹೊಕ್ಕು ಕೆಲವು ಹೊರಗುಳಿಯುತ್ತವೆಯೆಂದೂ ಅಳೆದು ತೋರಿಸಿದರು. ಈ ಸಂಶೋಧನೆಗಾಗಿ 1945ರಲ್ಲಿ ಅವರಿಗೆ ಡಾಕ್ಟರೇಟ್ ಪದವಿಯು ಲಭಿಸಿತು. 1947ರಲ್ಲಿ ಪ್ಯಾರಿಸ್ಸಿಗೆ ತೆರಳಿ, ಅಲ್ಲಿನ ಪ್ರಯೋಗಶಾಲೆಯಲ್ಲಿ ಕ್ಷ-ಕಿರಣಗಳ ಸಹಾಯದಿಂದ ವಸ್ತುಗಳ ಒಳರಚನೆಯನ್ನರಿಯುವ ವಿದ್ಯೆಯಲ್ಲಿ ಪ್ರವೀಣರಾದರು. ಕಿಟಕಿಯ ಸರಳುಗಳನ್ನು ಕಾಣದೆ, ನೆಲದ ಮೇಲೆ ಬಿದ್ದ ನೆರಳನ್ನಷ್ಟೇ ನೋಡಿ ಸರಳುಗಳ ಅಂತರವನ್ನು ಅಳೆಯುವುದಕ್ಕೆ ಈ ವಿದ್ಯೆಯನ್ನು ಸ್ಥೂಲವಾಗಿ ಹೋಲಿಸಬಹುದು. ಕ್ಷ-ಕಿರಣಗಳು ಪರಮಾಣುಗಳ ಸಾಲಿಗೆ ತಾಗಿ ಚದುರಿ ಫಿಲ್ಮಿನ ಮೇಲೆ ಚುಕ್ಕೆಗಳನ್ನು ಮೂಡಿಸುತ್ತವೆ. ಆ ಚುಕ್ಕೆಗಳಿಂದ ದೀರ್ಘವಾದ ಲೆಕ್ಕವನ್ನು ಮಾಡಿ ಪರಮಾಣುಗಳ ಜೋಡಣೆಯನ್ನು ಅರಿಯಬೇಕು.

1951ರ ಜನವರಿಯಲ್ಲಿ ಅವರು ಲಂಡನ್ನಿಗೆ ಹಿಂದಿರುಗಿ ಕಿಂಗ್ಸ್ ಕಾಲೇಜನ್ನು ಸೇರಿದರು. ಪ್ರಯೋಗಶಾಲೆಯ ಮುಖ್ಯಸ್ಥರಾದ ರ‍್ಯಾಂಡಲ್ ಅವರು ಡಿ.ಎನ್.ಎ.ಯ ರಚನೆಯನ್ನು ಕಂಡುಹಿಡಿಯುವ ಕಾರ್ಯವನ್ನು ಇವರಿಗೆ ವಹಿಸಿದರು. ಅದೇ ವಸ್ತುವಿನ ಮೇಲೆ ಮೊದಲೇ ಕೆಲಸ ಮಾಡುತ್ತಿದ್ದ ಮಾರಿಸ್ ವಿಲ್ಕಿನ್ಸ್ ಅವರಿಗೆ ಈ ಏರ್ಪಾಡು ಸ್ಪಷ್ಟವಾಗಿ ತಿಳಿದಿರಲಿಲ್ಲ. ಇದರಿಂದಾಗಿ ಇಬ್ಬರಲ್ಲಿಯೂ ಮನಸ್ತಾಪವುಂಟಾಯಿತು. ಆದರೂ ರೋಸಲಿಂಡರು ತಮ್ಮ ಶಿಷ್ಯ ರೇಮಂಡ್ ಗಾಸ್ಲಿಂಗ್ ಅವರೊಡನೆ ಕಾರ್ಯವನ್ನು ಮುಂದುವರಿಸಿದರು. ಡಿ.ಎನ್.ಎ.ಯ ಎಳೆಯು ಗಾಳಿಯ ತೇವಕ್ಕನುಸಾರವಾಗಿ ಎರಡು ರೂಪಗಳನ್ನು ತಾಳುವುದೆಂದು ಅವರು ಕಂಡುಕೊಂಡರು. ಒಣರೂಪವು ‘ಎ’, ತೇವರೂಪವು ‘ಬಿ’. ಇವೆರಡನ್ನು ಬೇರ್ಪಡಿಸಿದ ಮೇಲೆಯೇ ಸ್ಪಷ್ಟವಾದ ಚಿತ್ರಗಳು ದೊರೆಯತೊಡಗಿದವು. 1952ರ ಮೇ ತಿಂಗಳಿನಲ್ಲಿ ಒಂದೇ ಎಳೆಯ ಮೇಲೆ 60 ಗಂಟೆಗಳಿಗಿಂತ ಹೆಚ್ಚು ಕಾಲ ಕ್ಷ-ಕಿರಣಗಳನ್ನು ಹಾಯಿಸಿ ಪಡೆದ ಚಿತ್ರವು ‘51ನೆಯ ಛಾಯಾಚಿತ್ರ’ವೆಂದು ಪ್ರಖ್ಯಾತವಾಗಿದೆ. ಅದರ ನಡುವೆ ಮೂಡಿದ ಕತ್ತರಿಯಾಕಾರದ ಗುರುತು ಸುರುಳಿಯ ಸ್ಪಷ್ಟ ಲಕ್ಷಣವಾಗಿತ್ತು.

ಮುಂದೆ ನಡೆದುದನ್ನು ನೀವು ಗಮನವಿಟ್ಟು ಓದಬೇಕು. 1953ರ ಜನವರಿಯಲ್ಲಿ ವಿಲ್ಕಿನ್ಸ್ ಅವರು ಈ ಚಿತ್ರವನ್ನು, ರೋಸಲಿಂಡರಿಗೆ ತಿಳಿಸದೆಯೇ, ಕೇಂಬ್ರಿಜ್ಜಿನ ಜೇಮ್ಸ್ ವಾಟ್ಸನ್ ಅವರಿಗೆ ತೋರಿಸಿದರು. ರೋಸಲಿಂಡರ ಅಳತೆಗಳನ್ನೊಳಗೊಂಡ ವರದಿಯೂ ಫ್ರಾನ್ಸಿಸ್ ಕ್ರಿಕ್ ಅವರ ಕೈಸೇರಿತು. ವಾಟ್ಸನ್ ಮತ್ತು ಕ್ರಿಕ್ ಇವರೀರ್ವರು ಮಾದರಿಯನ್ನು ಕಟ್ಟಿ ನಿಲ್ಲಿಸಿದರು. 1953ರ ಏಪ್ರಿಲ್ 25ರಂದು ‘ನೇಚರ್’ ಪತ್ರಿಕೆಯಲ್ಲಿ ಮೂರು ಲೇಖನಗಳು ಒಟ್ಟಿಗೆ ಪ್ರಕಟವಾದವು. ಮೊದಲನೆಯದು ವಾಟ್ಸನ್ ಮತ್ತು ಕ್ರಿಕ್ ಅವರದು. ಕೊನೆಯದು ಫ್ರಾಂಕ್ಲಿನ್ ಮತ್ತು ಗಾಸ್ಲಿಂಗ್ ಅವರದು. ಅಡಿಪಾಯವಾಗಿದ್ದ ಕಾರ್ಯವು ಓದುಗರ ಕಣ್ಣಿಗೆ ಬರಿಯ ಸಾಕ್ಷ್ಯದಂತೆ ತೋರಿತು. ಕೇಂಬ್ರಿಜ್ಜಿನವರ ಬುದ್ಧಿಶಕ್ತಿಯನ್ನು ನಾವು ಅಲ್ಲಗಳೆಯುವುದಿಲ್ಲ. ಮೆಟ್ಟಿಲುಗಳ ಜೋಡಣೆಯ ಗುಟ್ಟನ್ನು ಕಂಡವರು ಅವರೇ. ಆದರೆ ಪರರ ಶ್ರಮದಿಂದ ತಮಗೊದಗಿದ ನೆರವನ್ನು ಆ ಲೇಖನದಲ್ಲಿ ಅವರು ಪೂರ್ಣವಾಗಿ ಹೇಳಲಿಲ್ಲವೆಂಬುದೂ ಅಷ್ಟೇ ಸತ್ಯ.

ಆ ಗುಟ್ಟಾದರೂ ಏನು? ಮುಂಬಯಿಯ ಹಳೆಯ ಕಟ್ಟಡಗಳ ಹಿಂಬದಿಯಲ್ಲಿರುವ ಕಬ್ಬಿಣದ ಸುರುಳಿಮೆಟ್ಟಿಲುಗಳನ್ನು ನೀವು ಕಂಡಿದ್ದೀರಿ. ಎರಡು ಕಂಬಿಗಳು ಒಂದನ್ನೊಂದು ಸುತ್ತುತ್ತ ಮೇಲೇರುವಂತಹ ಏಣಿಯನ್ನು ಊಹಿಸಿಕೊಳ್ಳಿರಿ. ಸಕ್ಕರೆ ಮತ್ತು ಫಾಸ್ಫೇಟುಗಳಿಂದಾದ ಕಂಬಿಗಳು ಹೊರಗಡೆಯಿವೆ. ಅವು ಹೊರಗಿರಬೇಕೆಂದು ಮೊದಲೇ ತರ್ಕಿಸಿದವರು ರೋಸಲಿಂಡರು. ಒಳಗಿನ ಒಂದೊಂದು ಮೆಟ್ಟಿಲೂ ಎರಡು ಅಕ್ಷರಗಳ ಜೋಡಿ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ‘ಎ’ಗೆ ‘ಟಿ’ಯೇ ಜೊತೆ, ‘ಜಿ’ಗೆ ‘ಸಿ’ಯೇ ಜೊತೆ. ಜೀವಕೋಶವು ಎರಡಾಗುವ ಮುನ್ನ ಈ ಏಣಿಯು ನಡುವೆ ಸೀಳುತ್ತದೆ. ಪ್ರತಿಯೊಂದು ಅರ್ಧವೂ ತನಗೆ ಹೊಂದುವ ಅಕ್ಷರಗಳನ್ನು ಸೇರಿಸಿಕೊಂಡು ಪೂರ್ಣ ಏಣಿಯಾಗುತ್ತದೆ. ಹೀಗೆ ಒಂದಿದ್ದುದು ಎರಡಾಗಿ, ಪ್ರತಿಯೊಂದರಲ್ಲಿಯೂ ಒಂದು ಹಳೆಯ ಎಳೆ, ಒಂದು ಹೊಸ ಎಳೆ ಇರುತ್ತವೆ. 1958ರಲ್ಲಿ ಮೆಸೆಲ್ಸನ್ ಮತ್ತು ಸ್ಟಾಲ್ ಅವರು ಇದನ್ನು ಪ್ರಯೋಗದಿಂದ ಸ್ಥಾಪಿಸಿದರು. ಮಾನವನಲ್ಲಿ ಒಂದು ಪೂರ್ಣ ಪ್ರತಿಗೆ ಸುಮಾರು 300 ಕೋಟಿ ಮೆಟ್ಟಿಲುಗಳು! ನಕಲು ಮಾಡುವ ಕಿಣ್ವವು ತಪ್ಪು ಅಕ್ಷರವನ್ನು ಸೇರಿಸಿದರೆ, ಒಂದು ಹೆಜ್ಜೆ ಹಿಂದೆ ಸರಿದು ಅದನ್ನು ತೆಗೆದು ಸರಿಯಾದುದನ್ನು ಇಡುತ್ತದೆ. ಬರೆದುದನ್ನು ತಿರುಗಿ ನೋಡದೆ ಉತ್ತರಪತ್ರಿಕೆಯನ್ನು ಒಪ್ಪಿಸುವವರು ಇದನ್ನು ನೆನೆಯಬೇಕು.

1953ರಲ್ಲಿಯೇ ರೋಸಲಿಂಡರು ಕಿಂಗ್ಸ್ ಕಾಲೇಜನ್ನು ಬಿಟ್ಟು, ಲಂಡನ್ನಿನ ಬರ್ಕ್‌ಬೆಕ್ ಕಾಲೇಜಿನಲ್ಲಿ ಬರ್ನಾಲ್ ಅವರ ಪ್ರಯೋಗಶಾಲೆಯನ್ನು ಸೇರಿದರು. ಅಲ್ಲಿ ಹೊಗೆಸೊಪ್ಪಿನ ಎಲೆಗಳಿಗೆ ಮಚ್ಚೆರೋಗವನ್ನು ತರುವ ವೈರಸ್ಸನ್ನು ಪರೀಕ್ಷಿಸಿದರು. ಅದು ಟೊಳ್ಳಾದ ಸಣ್ಣ ಕಡ್ಡಿಯಂತಿದೆಯೆಂದೂ, ಅದರ ಪ್ರೋಟೀನಿನ ಗೋಡೆಯೊಳಗೆ ಆರ್.ಎನ್.ಎ. ಎಳೆಯು ಸುರುಳಿಯಾಗಿ ಹುದುಗಿದೆಯೆಂದೂ ತೋರಿಸಿಕೊಟ್ಟರು. ಆ ಎಳೆಯಲ್ಲಿಯೇ ವೈರಸ್ಸಿನ ಪ್ರೋಟೀನನ್ನು ಕಟ್ಟುವ ಆದೇಶವು ಅಡಗಿದೆ.

ನಮ್ಮ ಶರೀರದಲ್ಲಿಯೂ ಪ್ರೋಟೀನಿನ ನಿರ್ಮಾಣಕ್ಕೆ ಆರ್.ಎನ್.ಎ. ಬೇಕೇ ಬೇಕು. ಗ್ರಂಥಭಂಡಾರದ ದೊಡ್ಡ ನಿಘಂಟನ್ನು ಮನೆಗೆ ಕೊಡುವುದಿಲ್ಲ. ಬೇಕಾದ ಪುಟವನ್ನು ಅಲ್ಲಿಯೇ ಕುಳಿತು ಬರೆದುಕೊಂಡು ಹೋಗುತ್ತೇವೆ. ಅಂತೆಯೇ ಡಿ.ಎನ್.ಎ.ಯು ಕೋಶಕೇಂದ್ರದಲ್ಲಿಯೇ ಉಳಿದು, ಅದರ ಒಂದು ಭಾಗದ ಪ್ರತಿಯು ಆರ್.ಎನ್.ಎ. ರೂಪದಲ್ಲಿ ಹೊರಬರುತ್ತದೆ. ರೈಬೋಸೋಮ್ ಎಂಬ ಕಾರ್ಯಾಗಾರವು ಆ ಪ್ರತಿಯನ್ನು ಮೂರು ಮೂರು ಅಕ್ಷರಗಳಾಗಿ ಓದಿ, ಒಂದೊಂದು ತ್ರಯಕ್ಕೂ ನಿಯತವಾದ ಅಮೈನೋ ಆಮ್ಲವನ್ನು ಪೋಣಿಸಿ ಪ್ರೋಟೀನನ್ನು ಕಟ್ಟುತ್ತದೆ. ರಕ್ತದ ಹಿಮೋಗ್ಲೋಬಿನ್ ಆಗಲಿ, ತಲೆಯ ಕೂದಲಾಗಲಿ ಹೀಗೆ ಇಪ್ಪತ್ತು ಬಗೆಯ ಮಣಿಗಳಿಂದ ಪೋಣಿಸಿದ ಸರಗಳೇ. ಈ ತ್ರಯಗಳ ಅರ್ಥವನ್ನು ಬಿಡಿಸಿದವರಲ್ಲಿ ಅವಿಭಕ್ತ ಪಂಜಾಬಿನ ರಾಯಪುರವೆಂಬ ಹಳ್ಳಿಯಲ್ಲಿ ಜನಿಸಿದ ಹರಗೋಬಿಂದ್ ಖೊರಾನಾ ಅವರೂ ಒಬ್ಬರು. 1968ರಲ್ಲಿ ಅವರು ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ಆ ದಿನವನ್ನು ಕಾಣುವ ಭಾಗ್ಯವು ರೋಸಲಿಂಡರಿಗಿರಲಿಲ್ಲ. 1956ರಲ್ಲಿ ಅವರಿಗೆ ಕ್ಯಾನ್ಸರ್ ರೋಗವಿರುವುದು ತಿಳಿಯಿತು. ಶಸ್ತ್ರಚಿಕಿತ್ಸೆಯ ನಡುನಡುವೆಯೂ ಅವರು ಪ್ರಯೋಗಶಾಲೆಗೆ ಬರುವುದನ್ನು ಬಿಡಲಿಲ್ಲ. 1958ರ ಏಪ್ರಿಲ್ 16ರಂದು, ಕೇವಲ 37ನೆಯ ವಯಸ್ಸಿನಲ್ಲಿ, ಅವರು ದಿವಂಗತರಾದರು. ಅದರ ಮರುದಿನವೇ ತೆರೆದ ಬ್ರಸೆಲ್ಸ್ ನಗರದ ವಿಶ್ವಪ್ರದರ್ಶನದಲ್ಲಿ, ಅವರು ಸಿದ್ಧಪಡಿಸಿದ್ದ ವೈರಸ್ಸಿನ ದೊಡ್ಡ ಮಾದರಿಯು ಪ್ರೇಕ್ಷಕರಿಗಾಗಿ ನಿಂತಿತ್ತು.

1962ರಲ್ಲಿ ವಾಟ್ಸನ್, ಕ್ರಿಕ್ ಮತ್ತು ವಿಲ್ಕಿನ್ಸ್ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು. ಮೃತರಾದವರ ಹೆಸರನ್ನು ಅದಕ್ಕೆ ಪರಿಗಣಿಸುವುದಿಲ್ಲ. ಬರ್ಕ್‌ಬೆಕ್‌ನಲ್ಲಿ ಅವರ ಸಹೋದ್ಯೋಗಿಯಾಗಿದ್ದು, ಅವರು ತೊಡಗಿದ ವೈರಸ್ಸುಗಳ ಕಾರ್ಯವನ್ನು ಮುಂದುವರಿಸಿದ ಆರನ್ ಕ್ಲೂಗ್ ಅವರಿಗೂ 1982ರಲ್ಲಿ ಅದೇ ಗೌರವವು ಸಂದಿತು. ರೋಸಲಿಂಡರ ಪಾಲಿನ ಕಾರ್ಯವು ಎಷ್ಟು ದೊಡ್ಡದೆಂಬುದನ್ನು ಅವರ ಟಿಪ್ಪಣಿ ಪುಸ್ತಕಗಳನ್ನು ಪರಿಶೀಲಿಸಿದ ವಿದ್ವಾಂಸರು ಅನಂತರದ ವರ್ಷಗಳಲ್ಲಿ ಲೋಕಕ್ಕೆ ತಿಳಿಸಿದರು. 1953ರ ಫೆಬ್ರವರಿ ತಿಂಗಳ ಆ ಪುಟಗಳು, ಅವರೂ ಸ್ವತಂತ್ರವಾಗಿ ಎರಡೆಳೆಯ ಸುರುಳಿಯ ತೀರ್ಮಾನಕ್ಕೆ ಬಂದಿದ್ದರೆಂಬುದನ್ನು ತೋರಿಸುತ್ತವೆ.

ಬಾಲಮಿತ್ರರೇ, ಹುಟ್ಟೂರನ್ನು ಬಿಟ್ಟು ಈ ಮಹಾನಗರಕ್ಕೆ ಬಂದು ದುಡಿಯುವ ನಿಮ್ಮ ತಂದೆತಾಯಿಗಳಲ್ಲಿ ಅನೇಕರ ಶ್ರಮವೂ ಯಾವ ಫಲಕದ ಮೇಲೆಯೂ ಬರೆಯಲ್ಪಟ್ಟಿಲ್ಲ. ಕೆಲಸವು ಸತ್ಯವಾಗಿದ್ದರೆ ಅದು ಉಳಿಯುತ್ತದೆ. ಆದರೆ ಅದು ಯಾರದೆಂಬುದು ಉಳಿಯಬೇಕಾದರೆ ಹೇಳುವವರು ಬೇಕು. ಗೆಳೆಯನ ಪುಸ್ತಕದಿಂದ ಒಂದು ಲೆಕ್ಕವನ್ನು ಕಲಿತರೂ ಅವನ ಹೆಸರನ್ನು ಹೇಳಿರಿ. ಇನ್ನು ಮುಂದೆ ಡಿ.ಎನ್.ಎ.ಯ ರೂಪವನ್ನು ಕಂಡವರು ಯಾರೆಂದು ಯಾರಾದರೂ ಕೇಳಿದರೆ, ವಾಟ್ಸನ್, ಕ್ರಿಕ್, ವಿಲ್ಕಿನ್ಸ್ ಎಂಬವರೊಡನೆ ರೋಸಲಿಂಡ್ ಫ್ರಾಂಕ್ಲಿನ್ ಎಂಬ ಹೆಸರನ್ನೂ ಸೇರಿಸಿ ಹೇಳುವಿರೆಂದು ನಂಬಿದ್ದೇವೆ. ನಾವಂತೂ ಹಾಗೆಯೇ ಹೇಳುತ್ತೇವೆ.